ದೇವರನ್ನು ಕೇಳುವುದು, ದೇವರ ಮಾತು ಕೇಳುವುದು: ದಿನನಿತ್ಯದ ಅಭ್ಯಾಸಕ್ಕೆ ಕೆಲವು ಹೆಜ್ಜೆಗಳು

ನಮ್ಮ ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಬೇಕಾದದ್ದನ್ನು ಕೇಳುತ್ತೇವೆ. ಇನ್ನೊಬ್ಬರು ಮಾತಾಡುವಾಗ ಕೇಳುತ್ತೇವೆ. ‘ಅವನು ಯಾರ ಮಾತೂ ಕೇಳಲ್ಲ’ ಅಂದರೆ ಹೇಳಿದ ಹಾಗೆ ನಡೆಯಲ್ಲ ಅಂತ ಅರ್ಥ. ದೇವರು ನಮ್ಮನ್ನು ಹೇಗೆ ನಡೆಸುತ್ತಾರೆ ಅನ್ನುವ ಮಾತು ಬಂದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಮೊದಲನೇ ಕೇಳುವಿಕೆ ನಮಗೆಲ್ಲ ಚೆನ್ನಾಗಿ ಬರುತ್ತದೆ. ಎರಡನೆಯದಕ್ಕೆ ಪುರುಸೊತ್ತು ಸಿಗುವುದಿಲ್ಲ. ಮೂರನೆಯದು ಕಷ್ಟ. ಆದರೆ ಆ ಮೂರನೆಯದು ಇಲ್ಲದಿದ್ದರೆ ಎರಡನೆಯದೂ ನಿಧಾನವಾಗಿ ಮಂಕಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಕೆಲಸ ಬದಲಿಸಬೇಕೋ ಬೇಡವೋ ಅಂತ ನಾನು ತಿಂಗಳುಗಟ್ಟಲೆ ಪ್ರಾರ್ಥನೆ ಮಾಡಿದೆ. ಪ್ರಾರ್ಥನೆ ಮುಗಿದ ಮೇಲೆ ಮನಸ್ಸಿಗೆ ಬಂದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೂಢಿ ಆಗಷ್ಟೇ ಶುರುವಾಗಿತ್ತು. ಒಂದು ದಿನ ಹಳೆಯ ಪುಟಗಳನ್ನು ತಿರುವಿ ನೋಡಿದೆ. ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂರು ವಾರದಲ್ಲಿ ಐದು ಸಲ ಒಂದೇ ಮಾತು ಬರೆದಿದ್ದೆ: ‘ಅಣ್ಣನ ಹತ್ತಿರ ಕ್ಷಮೆ ಕೇಳು.’ ಅದನ್ನು ಪ್ರಾರ್ಥನೆಗೆ ಅಡ್ಡ ಬರುವ ಯೋಚನೆ ಅಂದುಕೊಂಡು ಪ್ರತಿ ಸಲವೂ ಪಕ್ಕಕ್ಕೆ ತಳ್ಳಿದ್ದೆ. ದೇವರು ಮಾತಾಡುತ್ತಿಲ್ಲ ಅಂತ ನಾನು ಕೊರಗುತ್ತಿದ್ದ ದಿನಗಳು ಅವು.

ಅವತ್ತೇ ಅಣ್ಣನಿಗೆ ಫೋನ್ ಮಾಡಿದೆ. ಕೆಲಸದ ಪ್ರಶ್ನೆಗೆ ಉತ್ತರ ಅವತ್ತು ಸಿಗಲಿಲ್ಲ, ಅದಕ್ಕೆ ಇನ್ನೂ ಸಮಯ ಹಿಡಿಯಿತು. ಆದರೆ ನಾನು ಪ್ರಾರ್ಥನೆಗೆ ಕೂರುವ ರೀತಿ ಮಾತ್ರ ಅಲ್ಲಿಂದ ಬದಲಾಯಿತು. ಕೆಳಗಿರುವುದು ಆಮೇಲೆ ನಾನು ಕಲಿತ, ಇನ್ನೂ ಕಲಿಯುತ್ತಿರುವ ಸಂಗತಿಗಳು.

ಮೊದಲ ಹೆಜ್ಜೆ: ಈಗಾಗಲೇ ಹೇಳಿದ್ದನ್ನು ಮಾಡಿ

‘ನನ್ನ ಬದುಕಿಗೆ ದೇವರ ಚಿತ್ತ ಏನು?’ ಅಂತ ಕೇಳುವಾಗ ನಾವು ಯೋಚಿಸುವುದು ಮದುವೆ, ಕೆಲಸ, ಮನೆ, ಊರು ಇಂಥವನ್ನೇ. ಸತ್ಯವೇದ (ಬೈಬಲ್) ‘ಇದೇ ದೇವರ ಚಿತ್ತ’ ಅಂತ ನೇರವಾಗಿ ಹೇಳುವ ಜಾಗಗಳನ್ನು ನೋಡಿದರೆ ಅಲ್ಲಿ ಇರುವುದು ಬೇರೆ. 1 ಥೆಸಲೋನಿಕ 4:3ರಲ್ಲಿ ಪರಿಶುದ್ಧರಾಗಿ ಬದುಕುವುದು. ಅದೇ ಪತ್ರದ 5:18ರಲ್ಲಿ ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸುವುದು. ಮೀಕ 6:8ರಲ್ಲಿ ನ್ಯಾಯವಾಗಿ ನಡೆಯುವುದು, ಕರುಣೆಯಲ್ಲಿ ಆಸೆ ಇಡುವುದು, ದೇವರ ಮುಂದೆ ತಗ್ಗಿ ನಡೆಯುವುದು. ಇವುಗಳಿಗೆ ದರ್ಶನ ಬೇಕಿಲ್ಲ, ಸೂಚನೆಗೆ ಕಾಯಬೇಕಿಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಈಗಾಗಲೇ ಗೊತ್ತಿದ್ದೂ ಮಾಡದೆ ಬಿಟ್ಟಿರುವ ಒಂದೇ ಒಂದು ಸಂಗತಿ ಬರೆಯಿರಿ. ವಾಪಸ್ ಕೊಡಬೇಕಾದ ಸಾಲ ಇರಬಹುದು. ಹೇಳಬೇಕಾದ ನಿಜ ಇರಬಹುದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅಂತ ಯೇಸು ಸ್ವಾಮಿ ಹೇಳಿದ್ದು ಮತ್ತಾಯ 5ರಲ್ಲಿದೆ. ಹತ್ತು ಸಂಗತಿ ಬರೆಯಬೇಡಿ, ಒಂದು ಸಾಕು. ಈ ವಾರ ಅದನ್ನು ಮಾಡಿ.

ಎರಡನೇ ಹೆಜ್ಜೆ: ದಿನಕ್ಕೆ ಹದಿನೈದು ನಿಮಿಷ ಕಿವಿಗೆ ಕೊಡಿ

ಬಾಲಕ ಸಮುವೇಲನ ಕಥೆ ನಮಗೆಲ್ಲ ಗೊತ್ತು. ಆದರೆ ಒಂದು ವಿಷಯ ಗಮನಿಸಿದ್ದೀರಾ? ರಾತ್ರಿ ದೇವರು ಮೂರು ಸಲ ಹೆಸರು ಹಿಡಿದು ಕರೆದಾಗಲೂ ಅವನಿಗೆ ದನಿ ಸ್ಪಷ್ಟವಾಗಿಯೇ ಕೇಳಿಸಿತ್ತು. ಅದು ಯಾರ ದನಿ ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಯಾಜಕ ಏಲಿ ಕರೆದ ಅಂದುಕೊಂಡು ಪ್ರತಿ ಸಲವೂ ಎದ್ದು ಆ ಮುದುಕನ ಹತ್ತಿರ ಓಡಿದ. ದನಿಯ ಗುರುತು ಹಿಡಿಯುವುದು ಒಂದೇ ದಿನದಲ್ಲಿ ಬರುವುದಿಲ್ಲ. ಮನೆಯವರ ಹೆಜ್ಜೆ ಸಪ್ಪಳ ಕೇಳಿದರೆ ಯಾರು ಬಂದರು ಅಂತ ನೋಡದೆಯೇ ಹೇಳುತ್ತೀವಿ, ಅಲ್ವಾ? ಅದು ಜೊತೆಯಲ್ಲಿ ಬಾಳಿದ್ದರಿಂದ ಬಂದ ಗುರುತು. ಕುರಿಗಳು ನನ್ನ ಸ್ವರ ಕೇಳುತ್ತವೆ ಅಂತ ಯೋಹಾನ 10ರಲ್ಲಿ ಸ್ವಾಮಿ ಹೇಳಿದ್ದೂ ಇಂಥ ಗುರುತಿನ ಬಗ್ಗೆಯೇ ಅನ್ನಿಸುತ್ತದೆ ನನಗೆ.

ಆ ಗುರುತು ಬೆಳೆಯುವ ಜಾಗ ವಾಕ್ಯ, ಅಂದರೆ ಸತ್ಯವೇದದ ಮಾತು. ‘ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ’ ಅನ್ನುವ ಕೀರ್ತನೆಯ ಮಾತನ್ನು (119:105) ನಿಧಾನವಾಗಿ ಓದಿ. ಅಲ್ಲಿರುವುದು ಕಾಲಿಗೆ ದೀಪ. ಎಣ್ಣೆ ದೀಪ ಹಿಡಿದು ಕತ್ತಲಲ್ಲಿ ನಡೆಯುವವನಿಗೆ ಮುಂದಿನ ಒಂದೆರಡು ಹೆಜ್ಜೆ ಕಾಣುತ್ತದೆ, ದಾರಿಯ ಕೊನೆ ಕಾಣುವುದಿಲ್ಲ.

ಹೀಗೆ ಮಾಡಿ ನೋಡಿ. ದಿನದಲ್ಲಿ ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಮಗು ಮಲಗಿದ ಮೇಲೋ, ಊಟದ ಬಿಡುವಿನಲ್ಲೋ ಆದರೂ ಸರಿ. ಮೊಬೈಲನ್ನು ಸೈಲೆಂಟ್ ಮಾಡುವುದು ಸಾಲದು, ಬೇರೆ ಕೋಣೆಯಲ್ಲಿಡಿ. ಮೊದಲ ಮೂರು ನಿಮಿಷ ಏನೂ ಕೇಳದೆ ಸುಮ್ನೆ ಕೂತುಕೊಳ್ಳಿ. ಆಗ ನೂರು ಕೆಲಸ ನೆನಪಾಗುತ್ತವೆ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಅವನ್ನು ಬರೆದುಬಿಡಿ. ಬರೆದ ಮೇಲೆ ಅವು ಕಾಡುವುದು ಕಡಿಮೆ. ಆದರೆ ಆ ಚೀಟಿಯನ್ನು ಎಸೆಯಬೇಡಿ. ಒಂದೇ ಹೆಸರು, ಒಂದೇ ಸಂಗತಿ ದಿನಾ ಬರುತ್ತಿದ್ದರೆ ಅದನ್ನು ದೇವರ ಮುಂದಿಟ್ಟು ಕೇಳಬೇಕು.

ಆಮೇಲೆ ಓದು. ಎಲ್ಲೋ ಒಂದು ಪುಟ ತೆರೆದು ಕಣ್ಣಿಗೆ ಬಿದ್ದ ವಚನವನ್ನು ಇವತ್ತಿನ ಉತ್ತರ ಅಂದುಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದು ಸುವಾರ್ತೆಯನ್ನು ಮೊದಲಿಂದ ಹಿಡಿದು, ದಿನಕ್ಕೆ ಹತ್ತು ಹದಿನೈದು ವಚನ ಓದಿ. 12ನೇ ಶತಮಾನದಲ್ಲಿ ಗೀಗೊ ಎಂಬ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದರು: ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ಕೊನೆಗೆ ದೇವರ ಮುಂದೆ ಮೌನವಾಗಿ ಇರುವುದು. ನಾನು ಒಂದೇ ಭಾಗವನ್ನು ಎರಡು ಸಲ ಓದುತ್ತೇನೆ. ಎರಡನೇ ಸಲ ಬಾಯಿಬಿಟ್ಟು ಓದುತ್ತೇನೆ. ಯಾವ ಮಾತಿನ ಹತ್ತಿರ ಮನಸ್ಸು ನಿಲ್ಲುತ್ತದೋ ಅಲ್ಲೇ ನಾನೂ ನಿಲ್ಲುತ್ತೇನೆ. ಕೆಲವು ದಿನ ಎಲ್ಲೂ ನಿಲ್ಲುವುದಿಲ್ಲ. ಅದರಿಂದ ಬೇಸರ ಪಡಬೇಕಾಗಿಲ್ಲ, ಆ ದಿನದ ಓದೂ ಒಳಗೆ ಇಳಿದಿರುತ್ತದೆ.

ಇಂಥ ಹೊತ್ತು ಏನು ಮಾಡುತ್ತದೆ ಅನ್ನುವುದಕ್ಕೆ ಮಾರ್ಕ 1:35ರಿಂದ ಮುಂದೆ ನೋಡಿ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿಯಾಗಿ ಪ್ರಾರ್ಥನೆಗೆ ಹೋಗಿದ್ದರು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದರು. ಒಳ್ಳೆಯ ಕೆಲಸ, ಕಾದಿರುವ ಜನ. ಆದರೂ ಸ್ವಾಮಿ ಆ ಊರಿಗೆ ತಿರುಗಿ ಹೋಗಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಅಂದರು. ಎಲ್ಲರೂ ಕರೆಯುವ ಕಡೆಗೆ ಹೋಗದೆ ಇರುವ ಧೈರ್ಯ ಆ ಒಂಟಿ ಹೊತ್ತಿನಲ್ಲಿ ಸಿಕ್ಕಿತ್ತು.

ಮೂರನೇ ಹೆಜ್ಜೆ: ಕೆಲಸದ ನಡುವೆಯೇ ಕೇಳಿ

ಆ ಹದಿನೈದು ನಿಮಿಷ ಆದಮೇಲೆ ಉಳಿದ ಹೊತ್ತೆಲ್ಲ ನಮ್ಮದೇ ಬುದ್ಧಿಯ ಮೇಲೆ ಓಡುತ್ತದೆ. ತಪ್ಪುವುದು ಇಲ್ಲೇ ಜಾಸ್ತಿ.

ಯೆಹೋಶುವ 9ರಲ್ಲಿ ಗಿಬ್ಯೋನಿನವರು ಬಂದದ್ದು ಹಳೇ ಗೋಣಿ, ಹರಿದ ಬುದ್ದಲಿ, ತೇಪೆ ಹಾಕಿದ ಚಪ್ಪಲಿ, ಬೂಷ್ಟು ಹಿಡಿದ ರೊಟ್ಟಿ ಹೊತ್ತುಕೊಂಡು. ತುಂಬಾ ದೂರದ ದೇಶದವರು ಅಂತ ನಂಬಿಸಿದರು. ಇಸ್ರಾಯೇಲ್ಯರು ರೊಟ್ಟಿಯನ್ನು ಪರೀಕ್ಷೆ ಮಾಡಿದರು, ದೇವರನ್ನು ಕೇಳಲಿಲ್ಲ. ಒಪ್ಪಂದ ಆಗಿ ಮೂರು ದಿನಕ್ಕೆ ಗೊತ್ತಾಯಿತು, ಅವರು ಪಕ್ಕದಲ್ಲೇ ಇರುವವರು, ಒಪ್ಪಂದ ಮಾಡಬಾರದಿದ್ದವರು ಅಂತ. ಇಸ್ರಾಯೇಲ್ಯರ ನಾಯಕ ಯೆಹೋಶುವ ದೇವರನ್ನು ಬಿಟ್ಟವನಲ್ಲ. ಕಣ್ಣೆದುರಿಗೆ ಎಲ್ಲ ಸ್ಪಷ್ಟವಾಗಿ ಕಂಡದ್ದರಿಂದ ಕೇಳುವ ಅಗತ್ಯ ಇದೆ ಅಂತ ಅನ್ನಿಸಲಿಲ್ಲ, ಅಷ್ಟೇ.

ಇದರ ಪಕ್ಕದಲ್ಲಿ 2 ಸಮುವೇಲ 5 ಇಟ್ಟು ಓದಿ. ಫಿಲಿಷ್ಟಿಯರು ದಂಡೆತ್ತಿ ಬಂದಾಗ ಇಸ್ರಾಯೇಲಿನ ಅರಸ ದಾವೀದ ದೇವರನ್ನು ಕೇಳಿದ. ಹೋಗು ಅನ್ನುವ ಉತ್ತರ ಬಂತು, ಗೆದ್ದ. ಅದೇ ವೈರಿಗಳು ಅದೇ ಕಣಿವೆಗೆ ಮತ್ತೆ ಬಂದರು. ದಾವೀದ ಮತ್ತೆ ಕೇಳಿದ. ಈ ಸಲದ ಉತ್ತರ ಬೇರೆ: ಎದುರಿನಿಂದ ಹೋಗಬೇಡ, ಸುತ್ತುಬಳಸಿ ಹಿಂದಿನಿಂದ ಹೋಗು, ಮರಗಳ ತುದಿಯಲ್ಲಿ ಹೆಜ್ಜೆ ಸಪ್ಪಳ ಕೇಳುವವರೆಗೂ ಕಾದಿರು. ಹೋದ ಸಲ ಫಲ ಕೊಟ್ಟ ದಾರಿಯನ್ನೇ ಈ ಸಲವೂ ಹಿಡಿಯುವುದು ಎಷ್ಟು ಸುಲಭವಿತ್ತು! ಎರಡನೇ ಸಲವೂ ಕೇಳಿದ್ದಕ್ಕೆ ನನಗೆ ದಾವೀದನ ಮೇಲೆ ತುಂಬಾ ಪ್ರೀತಿ.

ಇಷ್ಟಕ್ಕೆ ಉದ್ದ ಪ್ರಾರ್ಥನೆ ಬೇಕಿಲ್ಲ. ನೆಹೆಮೀಯ ಎಂಬ ಯೆಹೂದ್ಯ ಸೇವಕ ಪರ್ಷಿಯದ ಅರಸನ ಮುಂದೆ ನಿಂತಿದ್ದಾಗ, ಏನು ಬೇಕು ಅಂತ ಅರಸ ಕೇಳಿದ. ಆ ಪ್ರಶ್ನೆಗೂ ಇವನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲೇ ಪರಲೋಕದ ದೇವರಿಗೆ ಪ್ರಾರ್ಥನೆ ಮಾಡಿದ ಅಂತ ಬರೆದಿದೆ (ನೆಹೆಮೀಯ 2:4). ಆ ಒಂದು ಉಸಿರಿನ ಹಿಂದೆ, ಹಾಳಾಗಿದ್ದ ಯೆರೂಸಲೇಮಿಗಾಗಿ ಸುಮಾರು ನಾಲ್ಕು ತಿಂಗಳ ಅಳು, ಉಪವಾಸ, ಪ್ರಾರ್ಥನೆ ಇತ್ತು ಅನ್ನುವುದನ್ನೂ ಮರೆಯಬಾರದು.

ದಿನದಲ್ಲಿ ಹೇಗಿದ್ದರೂ ಮಾಡುವ ಎರಡು ಮೂರು ಕೆಲಸಗಳಿಗೆ ಈ ಪ್ರಾರ್ಥನೆಯನ್ನು ಗಂಟು ಹಾಕಿ. ಬಾಗಿಲ ಚಿಲಕ ತೆಗೆಯುವಾಗ: ‘ಕರ್ತನೇ, ಇಲ್ಲಿ ನಾನು ಏನು ನೋಡಬೇಕು?’ ಫೋನ್ ಎತ್ತುವ ಮುಂಚೆ: ‘ಇವರ ಮಾತು ಕೇಳಿಸಿಕೊಳ್ಳಲು ಸಹಾಯ ಮಾಡು.’ ಸಿಟ್ಟು ಬರಿಸುವ ಮೆಸೇಜಿಗೆ ಉತ್ತರ ಬರೆದು ಕಳಿಸುವ ಮುಂಚೆ: ‘ಇದನ್ನು ಕಳಿಸಲಾ?’ ಈ ಕೊನೆಯ ಪ್ರಶ್ನೆ ನನ್ನನ್ನು ಎಷ್ಟೋ ಸಲ ಕಾಪಾಡಿದೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಲಾರೆನ್ಸ್ ಎಂಬ ಸಹೋದರರು ವರ್ಷಗಟ್ಟಲೆ ಅಡುಗೆಮನೆಯ ಕೆಲಸ ಮಾಡಿಕೊಂಡೇ ಹೀಗೆ ದೇವರ ಜೊತೆ ಮಾತಾಡುತ್ತಾ ಬದುಕಿದರು. ಪಾತ್ರೆಗಳ ಸದ್ದಿನ ನಡುವೆ ಅವರಿಗೆ ಸಾಧ್ಯವಾದದ್ದು ನಮಗೂ ಆಗುತ್ತದೆ.

ನಾಲ್ಕನೇ ಹೆಜ್ಜೆ: ರಾತ್ರಿ ಒಮ್ಮೆ ಹಿಂದಿರುಗಿ ನೋಡಿ

1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಒಬ್ಬ ಸೈನಿಕನ ಕಾಲು ಮುರಿಯಿತು. ಲೊಯೋಲಾದ ಇಗ್ನೇಷಿಯಸ್ ಅಂತ ಮುಂದೆ ಹೆಸರಾದವರು ಅವರೇ. ಹಾಸಿಗೆಯ ಮೇಲೆ ಬಿದ್ದಿದ್ದಾಗ ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನ ಮತ್ತು ಸಂತರ ಕಥೆಗಳು ಮಾತ್ರ. ಯುದ್ಧ, ಕೀರ್ತಿಯ ಹಗಲುಗನಸು ಕಾಣುವಾಗ ಖುಷಿಯಾಗುತ್ತಿತ್ತು, ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರ ಹಾಗೆ ಬದುಕುವ ಯೋಚನೆ ಮಾಡಿದರೆ ಆ ಖುಷಿ ಆಮೇಲೂ ಉಳಿಯುತ್ತಿತ್ತು. ಯೋಚನೆ ಬಂದಾಗ ಹೇಗಿತ್ತು ಅನ್ನುವುದಕ್ಕಿಂತ, ಅದು ಹೋದ ಮೇಲೆ ಒಳಗೆ ಏನು ಉಳಿಯಿತು ಅಂತ ನೋಡುವುದನ್ನು ಅವರು ಅಲ್ಲಿ ಕಲಿತರು.

ಮಲಗುವ ಮುಂಚೆ ಐದು ನಿಮಿಷ ಇದಕ್ಕೆ ಸಾಕು. ಬೆಳಿಗ್ಗೆ ಎದ್ದಾಗಿನಿಂದ ದಿನವನ್ನು ಮನಸ್ಸಿನಲ್ಲೇ ಓಡಿಸಿ. ಯಾವುದಕ್ಕೆ ಥ್ಯಾಂಕ್ಸ್ ಹೇಳಬೇಕು? ಯಾವಾಗ ದೇವರು ಹತ್ತಿರ ಇದ್ದಾರೆ ಅನ್ನಿಸಿತು? ಯಾವಾಗ ಒಳಗೆ ಒಂದು ಮಾತು ಬಂದರೂ ದಾಟಿ ಹೋದೆ? ಬೇಡಬೇಕಾದ ಕ್ಷಮೆ ಬೇಡಿ, ನಾಳೆಯ ಒಂದು ಸಂಗತಿಗೆ ಸಹಾಯ ಕೇಳಿ ಮಲಗಿ. ಎರಡು ಸಾಲು ಬರೆದಿಡಿ. ಒಂದು ದಿನದ ಎರಡು ಸಾಲಿನಲ್ಲಿ ಏನೂ ಕಾಣುವುದಿಲ್ಲ, ತಿಂಗಳ ಕೊನೆಗೆ ಒಟ್ಟಿಗೆ ಓದಿದರೆ ಕಾಣುತ್ತದೆ.

ಐದನೇ ಹೆಜ್ಜೆ: ಪರೀಕ್ಷಿಸಿ ನೋಡಿ

ಮನಸ್ಸಿಗೆ ಬಂದದ್ದೆಲ್ಲ ದೇವರ ಮಾತಲ್ಲ. ಎಲ್ಲವನ್ನೂ ಪರಿಶೋಧಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತ ಅಪೊಸ್ತಲ ಪೌಲ ಬರೆದಿದ್ದಾರೆ. ಪರೀಕ್ಷಿಸುವುದು ಅಪನಂಬಿಕೆಯಲ್ಲ.

ನಾವು ಜಾಸ್ತಿ ನಂಬುವುದು ತೆರೆದ ಬಾಗಿಲನ್ನು. ‘ಎಲ್ಲ ಕೂಡಿಬಂತು, ಹಾಗಾದರೆ ದೇವರೇ ಮಾಡಿದ್ದು’ ಅಂತೀವಿ. ಪ್ರವಾದಿ ಯೋನ ದೇವರಿಂದ ತಪ್ಪಿಸಿಕೊಂಡು ಓಡುವಾಗ ಬಂದರಿನಲ್ಲಿ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿಯೇ ಇತ್ತು. ಟಿಕೆಟ್ಟಿನ ಹಣವೂ ಕೈಯಲ್ಲಿತ್ತು. ದಾವೀದ ಅರಸನಾಗುವ ಮುಂಚೆ ಏನ್ಗೆದಿಯ ಗುಹೆಯಲ್ಲಿ ಅಡಗಿದ್ದಾಗ, ಅವನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲ ಅದೇ ಗುಹೆಯೊಳಗೆ ಒಬ್ಬನೇ ಬಂದ. ದೇವರು ಹೇಳಿದ ದಿನ ಇದೇ ಅಂತ ಜೊತೆಗಿದ್ದವರು ದೇವರ ಹೆಸರು ಹೇಳಿಯೇ ಹುರಿದುಂಬಿಸಿದರು. ಸಂದರ್ಭವೂ ಹೌದು ಅಂದಿತು, ಗೆಳೆಯರೂ ಹೌದು ಅಂದರು. ದಾವೀದ ಕೊಲ್ಲಲಿಲ್ಲ, ಸೌಲನ ಬಟ್ಟೆಯ ಅಂಚನ್ನು ಮಾತ್ರ ಕತ್ತರಿಸಿದ. ಅಷ್ಟಕ್ಕೇ ಅವನ ಮನಸ್ಸು ಚುಚ್ಚಿತು. ದೇವರು ಅಭಿಷೇಕ ಮಾಡಿದವನ ಮೇಲೆ ಕೈ ಎತ್ತಬಾರದು ಅಂತ ಅವನಿಗೆ ಗೊತ್ತಿತ್ತು. ಎಷ್ಟೇ ದೊಡ್ಡ ಬಾಗಿಲು ತೆರೆದರೂ, ದೇವರ ಮಾತಿಗೆ ವಿರುದ್ಧ ಇದ್ದರೆ ಅದು ನಮಗಾಗಿ ತೆರೆದ ಬಾಗಿಲಲ್ಲ. ಅದಕ್ಕೇ ಮೊದಲ ಪರೀಕ್ಷೆ ವಾಕ್ಯದ ಮುಂದೆ.

ಎರಡನೆಯದು, ಫಲದ ಪರೀಕ್ಷೆ. ಮೇಲಿನಿಂದ ಬರುವ ಜ್ಞಾನ ಶುದ್ಧ, ಸಮಾಧಾನದ್ದು, ಸೌಮ್ಯ, ಕರುಣೆ ತುಂಬಿದ್ದು ಅಂತ ಯಾಕೋಬ 3:17 ಹೇಳುತ್ತದೆ. ‘ಈಗಲೇ ಮಾಡು, ಯಾರಿಗೂ ಹೇಳಬೇಡ, ಇಲ್ಲದಿದ್ದರೆ ಕೆಟ್ಟೆ’ ಅಂತ ಹೆದರಿಸಿ ಅಟ್ಟುವ ಮಾತನ್ನು ನಾನು ಬೇಗ ನಂಬುವುದಿಲ್ಲ. ದೇವರು ನಮ್ಮ ತಪ್ಪನ್ನು ತೋರಿಸುವಾಗಲೂ ತಪ್ಪು ಯಾವುದು, ಮಾಡಬೇಕಾದ್ದು ಯಾವುದು ಅಂತ ಗೊತ್ತಾಗುತ್ತದೆ. ‘ನೀನು ಯಾವುದಕ್ಕೂ ಬಾರದವನು’ ಅನ್ನುವ ಮಾತಿನಲ್ಲಿ ಹಿಡಿದು ನಡೆಯಲು ದಾರಿಯೇ ಇರುವುದಿಲ್ಲ.

ಮೂರನೆಯದು, ಜನ. ನಿಮ್ಮನ್ನು ಬಲ್ಲ, ನಿಮ್ಮ ಮೆಚ್ಚುಗೆಗೆ ಕಾಯದ, ಪ್ರಾರ್ಥನೆ ಮಾಡುವ ಇಬ್ಬರು ಹಿರಿಯರಿಗೆ ಹೇಳಿ. ‘ದೇವರು ನನಗೆ ಹೇಳಿದ್ದಾರೆ’ ಅಂತ ಶುರು ಮಾಡಬೇಡಿ, ಆಮೇಲೆ ಅವರು ಏನು ತಾನೇ ಹೇಳಲು ಸಾಧ್ಯ? ‘ನನಗೆ ಹೀಗೆ ಅನ್ನಿಸುತ್ತಿದೆ, ನೀವು ಏನಂತೀರಿ?’ ಅನ್ನಿ. ಯೆರೂಸಲೇಮಿನ ಸಭೆ ಕೂಡ ಚರ್ಚೆ ಮಾಡಿ, ಕೇಳಿಸಿಕೊಂಡು, ಆಮೇಲೆ ‘ಪವಿತ್ರಾತ್ಮನಿಗೂ ನಮಗೂ’ ಸರಿ ಕಂಡಿತು ಅಂತ ಬರೆಯಿತು (ಅಪೊಸ್ತಲರ ಕೃತ್ಯಗಳು 15:28). ಅದೇ ರೀತಿ, ನಿಮ್ಮ ಬಗ್ಗೆ ದೇವರು ಹೇಳಿದರು ಅಂತ ಯಾರಾದರೂ ಬಂದರೆ ಗೌರವದಿಂದ ಕೇಳಿಸಿಕೊಳ್ಳಿ, ಆದರೆ ತೂಗಿ ನೋಡಿ. 1 ಅರಸುಗಳು 13ರಲ್ಲಿ ಒಬ್ಬ ದೇವರ ಮನುಷ್ಯ, ದೇವದೂತ ಹೇಳಿದ ಅಂತ ಸುಳ್ಳು ಹೇಳಿದ ಮುದಿ ಪ್ರವಾದಿಯನ್ನು ನಂಬಿ, ತನಗೆ ದೇವರು ನೇರವಾಗಿ ಹೇಳಿದ್ದನ್ನು ಬಿಟ್ಟು ಪ್ರಾಣ ಕಳೆದುಕೊಂಡ. ದೇವರ ಹೆಸರಿನಲ್ಲಿ ಯಾರಾದರೂ ನಿಮ್ಮ ಹಣ, ಮದುವೆ, ಔಷಧಿಯ ಬಗ್ಗೆ ಅಪ್ಪಣೆ ಕೊಟ್ಟರೆ ಅಲ್ಲೇ ನಿಲ್ಲಿ. ವೈದ್ಯರು ಕೊಟ್ಟ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ನಿಮಗೋ ಬೇರೆಯವರಿಗೋ ಹಾನಿ ಮಾಡು ಅನ್ನುವ ದನಿ ಕೇಳಿಸುತ್ತಿದ್ದರೆ ಅದು ದೇವರದಲ್ಲ. ನಂಬುವವರೊಬ್ಬರಿಗೆ ಕೂಡಲೇ ಹೇಳಿ, ವೈದ್ಯರ ಹತ್ತಿರ ಹೋಗಿ.

ಇಷ್ಟೆಲ್ಲ ಆದ ಮೇಲೆ, ಹೊರಡಿ

ಪೂರ್ತಿ ನಕ್ಷೆ ಸಿಗುವವರೆಗೆ ಕೂತಿದ್ದರೆ ಕೂತೇ ಇರುತ್ತೇವೆ. ಪೌಲ ಮತ್ತು ಜೊತೆಗಾರರು ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಸುವಾರ್ತೆ ಸಾರಲು ಹೊರಟರು, ಪವಿತ್ರಾತ್ಮ ತಡೆದರು. ಬಿಥೂನ್ಯದ ಕಡೆ ತಿರುಗಿದರು, ಅಲ್ಲೂ ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ದರ್ಶನವಾಯಿತು, ಮಕೆದೋನ್ಯದ ಒಬ್ಬ ಗಂಡಸು ನಿಂತು ಕರೆಯುತ್ತಿದ್ದ. ದೇವರು ಕರೆದಿದ್ದಾರೆ ಅಂತ ಎಲ್ಲರೂ ಸೇರಿ ನಿಶ್ಚಯಿಸಿ ಕೂಡಲೇ ಹೊರಟರು. ಮಕೆದೋನ್ಯದ ಫಿಲಿಪ್ಪಿಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಹೊಳೆಯ ದಡದಲ್ಲಿ ಕೂಡಿದ್ದ ಹೆಂಗಸರು. ಕಂಡದ್ದಕ್ಕೂ ಸಿಕ್ಕಿದ್ದಕ್ಕೂ ಪೂರ್ತಿ ತಾಳೆಯಾಗಲಿಲ್ಲ ಅಂತ ಪೌಲ ತಿರುಗಿ ಬರಲಿಲ್ಲ, ಕೂತು ಮಾತಾಡಿದರು. ಅವರಲ್ಲಿ ಒಬ್ಬಳಾದ ಲುದ್ಯಳ ಹೃದಯವನ್ನು ದೇವರು ತೆರೆದರು.

ಮುಂದಿನ ಒಂದು ಚಿಕ್ಕ ಹೆಜ್ಜೆ ಯಾವುದು ಅಂತ ಮಾತ್ರ ನೋಡಿ. ಒಂದು ಅರ್ಜಿ, ಒಂದು ಭೇಟಿ, ಒಂದು ಫೋನ್. ಇಟ್ಟು ನೋಡಿ, ದೇವರು ಮುಂದೆ ತಡೆದರೆ ನಿಲ್ಲಿ.

ಏನೂ ಕೇಳಿಸದ ಕಾಲವೂ ಬರುತ್ತದೆ. ಆಗ ಮೊದಲು ನಿಮ್ಮ ದೇಹವನ್ನು ನೋಡಿಕೊಳ್ಳಿ. ಸಾಯಬೇಕು ಅನ್ನುವಷ್ಟು ಸೋತಿದ್ದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಊಟ ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ಊಟ ಕೊಟ್ಟ. ಹೋರೇಬ್ ಬೆಟ್ಟದಲ್ಲಿ ಅವನಿಗೆ ದೇವರ ಮೆಲುದನಿ ಕೇಳಿಸಿದ್ದು ಅದಾಗಿ ನಲವತ್ತು ದಿನ ನಡೆದ ಮೇಲೆ. ನಿದ್ದೆಗೆಟ್ಟು ತಿಂಗಳಾಗಿದ್ದರೆ ದೊಡ್ಡ ನಿರ್ಧಾರ ಮುಂದೂಡಿ. ಕಡೆಯದಾಗಿ ದೇವರು ತಿಳಿಸಿದ್ದು ಯಾವುದೋ ಅದನ್ನೇ ಮಾಡುತ್ತಾ ಇರಿ.

ತಪ್ಪು ಕೇಳಿಸಿಕೊಂಡು ತಪ್ಪು ದಾರಿ ಹಿಡಿದಾಗಿದ್ದರೆ? ಬಹಳ ಜನ ಈ ಭಾರವನ್ನು ಒಬ್ಬರೇ ಹೊತ್ತು ತಿರುಗುತ್ತಾರೆ. ‘ಅವತ್ತು ಕೇಳಲಿಲ್ಲ, ಇನ್ನು ದೇವರು ನನಗೆ ಇಟ್ಟಿದ್ದೆಲ್ಲ ಹೋಯಿತು’ ಅಂತ. ಮೊದಲು ಅದನ್ನು ಇದ್ದಂತೆ ದೇವರಿಗೆ ಹೇಳಿ. ತಿದ್ದಬಹುದಾದರೆ ತಿದ್ದಿ. ಹೊಡೆತ, ಹಿಂಸೆ ಇರುವ ಜಾಗವಾದರೆ ಹೊರಗೆ ಬನ್ನಿ, ಸಹಾಯ ಕೇಳಿ. ತಿರುಗಿ ಹೋಗಲು ಆಗದ್ದಾದರೆ, ಈಗಿರುವ ಜಾಗದಲ್ಲೇ ನಂಬಿಗಸ್ತರಾಗಿರಿ. ಗಿಬ್ಯೋನಿನವರ ಕಥೆಗೆ ಮುಂದಿನ ಅಧ್ಯಾಯವೂ ಇದೆ. ಮೋಸ ಗೊತ್ತಾದ ಮೇಲೂ ಇಸ್ರಾಯೇಲ್ಯರು ಕೊಟ್ಟ ಮಾತು ಮುರಿಯಲಿಲ್ಲ. ಐದು ಅರಸರು ಸೇರಿ ಗಿಬ್ಯೋನಿನ ಮೇಲೆ ಬಿದ್ದಾಗ, ಕೇಳದೆ ಮಾಡಿದ ಅದೇ ಒಪ್ಪಂದಕ್ಕಾಗಿ ಯೆಹೋಶುವ ಗಿಲ್ಗಾಲಿನಿಂದ ರಾತ್ರಿಯೆಲ್ಲಾ ನಡೆದು ಹೋದ. ಸೂರ್ಯ ನಿಂತ ದಿನ ಅಂತ ಸತ್ಯವೇದ ಹೇಳುವುದು ಆ ದಿನವನ್ನೇ. ಆ ಸಲ ದೇವರು ಅವನ ಜೊತೆ ಮಾತಾಡಿದ್ದರು: ಅವರಿಗೆ ಹೆದರಬೇಡ.